ಗುಜರಿಯಿಂದ ಬಂದ ಗಣಕಯಂತ್ರ

ಗುಮಾಸ್ತನ ಮನೆಗೆ ಕಂಪ್ಯೂಟರು ಬರುವುದು ಈ ಕಾಲದಲ್ಲಿ ದೊಡ್ಡ ಸಂಗತಿಯೇನೂ ಅಲ್ಲ. ಆದರೆ ನಮ್ಮ ಮನೆಗೆ ಅದು ಬಂದ ಬಗೆ ಸ್ವಲ್ಪ ವಿಚಿತ್ರವಾದದ್ದು. ಅದರ ಮೈ ಬಂದದ್ದು ಅಹಮದಾಬಾದಿನಿಂದ. ಕಣ್ಣು ಬಂದದ್ದು ಸೂರತ್ತಿನಿಂದ. ಉಗ್ರಾಣ ದೊರೆತದ್ದು ವಡೋದರೆಯಲ್ಲಿ. ಈ ಓಡಾಟದ ನಡುವೆ ನನಗೂ ಒಂದಿಷ್ಟು ಬುದ್ಧಿ ಬಂತು. ಅದಕ್ಕೆ ಮಾತ್ರ ಎರಡು ಸಾವಿರದ ಎಂಟು ನೂರು ರೂಪಾಯಿ ದಂಡ ತೆರಬೇಕಾಯಿತು. ಮಕ್ಕಳಿರುವ ಮನೆಗಳಲ್ಲಿ ಇಂದಲ್ಲ ನಾಳೆ ಈ ಪ್ರಸಂಗ ಬಂದೇ ಬರುವುದರಿಂದ ನನ್ನ ಅನುಭವವನ್ನು ಇದ್ದದ್ದು ಇದ್ದ ಹಾಗೆ ವಾಚಕರ ಮುಂದಿಡುತ್ತೇನೆ.

ನಾನು ಸಾಗರದ ಕಡೆಯವನು, ನನ್ನಾಕೆ ಕೋಟದವಳು. ಹನ್ನೊಂದು ವರ್ಷಗಳಿಂದ ವಡೋದರೆಯ ಒಂದು ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದೇನೆ. ಒಬ್ಬನೇ ಮಗ. ಹನ್ನೆರಡು ವರ್ಷ, ಏಳನೆಯ ತರಗತಿ. ಹುಟ್ಟಿದ್ದು ಊರಿನಲ್ಲಾದರೂ ಬೆಳೆದದ್ದೆಲ್ಲ ಇಲ್ಲಿ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ, ಗೆಳೆಯರೊಡನೆ ಹಿಂದಿ. ಕನ್ನಡಕ್ಕೆ ಊಟದ ಹೊತ್ತು ಮಾತ್ರ ಮೀಸಲು. ಅದೂ “ಬೇಕು, ಬೇಡ, ಸಾಕು” ಎಂಬ ಮೂರು ಮಾತುಗಳಲ್ಲಿ ಮುಗಿದುಹೋಗುತ್ತದೆ. ಉಳಿದ ಹೊತ್ತೆಲ್ಲ ಮೊಬೈಲು ಹಿಡಿದು ಮೂಲೆಯಲ್ಲಿ ಕುಳಿತಿರುವನು. ನಾನು ಕಚೇರಿಯಿಂದ ಬಂದುದೂ ಅವನಿಗೆ ತಿಳಿಯುತ್ತಿರಲಿಲ್ಲ.

2025ರ ದೀಪಾವಳಿಯ ರಜೆಯಲ್ಲಿ ಈ ಮಹಾಶಯ ತಾನಾಗಿಯೇ ನನ್ನ ಬಳಿ ಬಂದು ಕುಳಿತ. ಏನೋ ಕಾದಿದೆ ಎಂದುಕೊಂಡೆ. “ಪಪ್ಪಾ, ನನಗೆ ಗೇಮಿಂಗ್ ಕಂಪ್ಯೂಟರ್ ಬೇಕು” ಎಂದ. ಕೆಳಗಿನ ಮಹಡಿಯ ಗೆಳೆಯನ ಮನೆಗೆ ಹೊಸದು ಬಂದಿತ್ತು. ಬೆಲೆ ಕೇಳಿದೆ. ಎಂಬತ್ತೈದು ಸಾವಿರ! ನನ್ನ ಕೈಗೆ ಬರುವ ಎರಡು ತಿಂಗಳ ಸಂಬಳ.

ಆ ವರ್ಷ ನನಗೆ ಬಂದ ಬೋನಸ್ಸು 6,908 ರೂಪಾಯಿ. ನನ್ನಾಕೆ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದು ಹದಿಮೂರು ಸಾವಿರದಷ್ಟಿತ್ತು. “ಆಟಕ್ಕೆ ಇಷ್ಟು ದುಡ್ಡಾ ಮಾರಾಯ್ರೆ?” ಎಂದು ಮೊದಲು ಗೊಣಗಿದಳು. ಎರಡು ದಿನ ಬಿಟ್ಟು ತಾನೇ ಹೇಳಿದಳು: “ಮೊಬೈಲ್ ಆದ್ರೆ ಮೂಲೆಯಲ್ಲಿ ಕೂತು ನೋಡ್ತಾನೆ. ಇದಾದ್ರೆ ನಮ್ಮ ಎದುರು ಹಾಲಿನಲ್ಲಿರ್ತದೆ. ಇಪ್ಪತ್ತು ಸಾವಿರಕ್ಕೆ ಆಗ್ತದಾ ನೋಡಿ.” ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. ಇಪ್ಪತ್ತು ಸಾವಿರಕ್ಕೆ ಹೊಸದಾದ ಆಟದ ಯಂತ್ರ ದೊರೆಯುವುದಿಲ್ಲ. ಉಳಿದದ್ದು ಹಳೆಯದರ ದಾರಿ.

ಆಫೀಸಿನ ಯಂತ್ರಕ್ಕೆ ನಿವೃತ್ತಿ

ಹಳೆಯದರ ಯೋಚನೆ ನನಗೆ ಬಂದದ್ದು ಕಚೇರಿಯ ಕಡತದಿಂದ. ಒಡೆದ ಕುರ್ಚಿ, ಓಡದ ಗಡಿಯಾರ, ಹಳೆಯ ಕಂಪ್ಯೂಟರು ಇವುಗಳನ್ನು ಲೆಕ್ಕದಿಂದ ತೆಗೆಯುವ ಕಡತ ಆಗಾಗ ನನ್ನ ಮೇಜಿಗೆ ಬರುತ್ತದೆ. “ನಿರುಪಯುಕ್ತ” ಎಂದು ಷರಾ ಬರೆದು ಮೇಲಕ್ಕೆ ಕಳಿಸುವವನು ನಾನೇ. ಹಾಗೆ ಬರೆಯುವಾಗ ಎಷ್ಟೋ ಸಲ ಕೈ ತಡೆದದ್ದುಂಟು. ಏಕೆಂದರೆ ಆ ಯಂತ್ರ ಅಂದು ಬೆಳಗ್ಗೆಯೂ ಸರಾಗವಾಗಿ ನಡೆಯುತ್ತಿತ್ತು. ಸರಕಾರದ ಯಂತ್ರಗಳು ಹರಾಜಿಗೋ, ಪರವಾನಗಿ ಪಡೆದ ಇ-ತ್ಯಾಜ್ಯದವರಿಗೋ ಹೋಗುತ್ತವೆ. ನಾವು ಕೈ ಹಚ್ಚುವ ಹಾಗಿಲ್ಲ. ಆದರೆ ಕಂಪೆನಿಗಳು ಕೆಲವು ವರ್ಷಕ್ಕೊಮ್ಮೆ ಯಂತ್ರಗಳನ್ನು ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಬದಲಿಸುತ್ತವೆ. ಅವುಗಳನ್ನು ವ್ಯಾಪಾರಿಗಳು ಸಗಟಾಗಿ ಕೊಂಡು, ಒರೆಸಿ, ಪರೀಕ್ಷಿಸಿ ಅಂಗಡಿಯಲ್ಲಿಡುತ್ತಾರೆ.

ಇದಕ್ಕೆ ಈಚೆಗೆ ಇನ್ನೊಂದು ಕಾರಣವೂ ಕೂಡಿಕೊಂಡಿತು. ಬಹುಪಾಲು ಕಚೇರಿಗಳಲ್ಲಿ ನಡೆಯುತ್ತಿದ್ದ ವಿಂಡೋಸ್ 10 ಎಂಬ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿಯು 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ವಿಂಡೋಸ್ 11 ಇಂಟೆಲ್ ಕಂಪೆನಿಯ ಎಂಟನೆಯ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳನ್ನು ಬಹುಮಟ್ಟಿಗೆ ಒಪ್ಪಿಕೊಳ್ಳುವುದಿಲ್ಲ. ಹೀಗಾಗಿ 2013–17ರ ಸುಮಾರಿಗೆ ಬಂದ, ಇನ್ನೂ ಗಟ್ಟಿಯಾಗಿದ್ದ ಯಂತ್ರಗಳು ಒಮ್ಮೆಗೇ ಹೊರಬಿದ್ದವು. ಕೆಟ್ಟು ಹೋದದ್ದಲ್ಲ, ವಯಸ್ಸು ತುಂಬಿತು. ಅರವತ್ತು ತುಂಬಿದ ದಿನ ಹಾರ ಹಾಕಿಸಿಕೊಂಡು ಮನೆಗೆ ಹೋಗುವ ನಮ್ಮ ಹೆಡ್‌ಕ್ಲಾರ್ಕರಂತೆ ಎಂದರೂ ಸರಿಯೆ. ಇತ್ತ 2025ರ ಕೊನೆಯಿಂದ ಹೊಸ ರ್ಯಾಮಿನ ಬೆಲೆ ಏರತೊಡಗಿತು. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳಿಗೇ ಅದು ಸಾಲದಾಯಿತಂತೆ. ಹೊಸದು ದುಬಾರಿ, ಹಳೆಯದು ಹೇರಳ. ನಮ್ಮಂಥವರಿಗೆ ಇದೇ ಸುಸಮಯ.

ಮದುವೆಮನೆಯ ಲೆಕ್ಕ

ಆಟದ ಕಂಪ್ಯೂಟರೆಂದರೇನು, ಸಾಮಾನ್ಯ ಕಂಪ್ಯೂಟರಿಗೂ ಅದಕ್ಕೂ ಭೇದವೇನು ಎಂದು ನನ್ನಾಕೆ ಕೇಳಿದಳು. ನನಗೆ ತಿಳಿದಂತೆ ಮದುವೆಮನೆಯ ಉದಾಹರಣೆ ಕೊಟ್ಟೆ.

ಪ್ರೊಸೆಸರು ಅಡುಗೆಭಟ್ಟ. ಡಿಸ್ಕು ಉಗ್ರಾಣ. ರ್ಯಾಮು ಅಡುಗೆಯ ಕಟ್ಟೆ. ಉಗ್ರಾಣದಿಂದ ತಂದ ಸಾಮಾನನ್ನು ಕೈಗೆಟುಕುವಂತೆ ಹರಡಿಕೊಳ್ಳುವ ಜಾಗ. ಕಟ್ಟೆ ಚಿಕ್ಕದಾದರೆ ಭಟ್ಟರು ಗಳಿಗೆಗೊಮ್ಮೆ ಉಗ್ರಾಣಕ್ಕೆ ಓಡಬೇಕು. ಪತ್ರ ಬರೆಯುವ, ಲೆಕ್ಕ ಮಾಡುವ ಕಚೇರಿಯ ಯಂತ್ರಕ್ಕೆ ಇಷ್ಟು ಸಾಕು. ಆಟಕ್ಕೆ ಸಾಲದು. ಆಟದಲ್ಲಿ ಪರದೆಯ ಮೇಲಿನ ಪ್ರತಿಯೊಂದು ಚುಕ್ಕೆಗೂ ಬಣ್ಣ ಹಚ್ಚಬೇಕು. ಸಾಮಾನ್ಯವಾದ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಚಿತ್ರ ಸರಾಗವಾಗಿ ಓಡಬೇಕಾದರೆ ಸೆಕೆಂಡಿಗೆ ಅರವತ್ತು ಸಲ ಇದನ್ನು ಮಾಡಬೇಕು. ಅಂದರೆ ಒಂದು ಸೆಕೆಂಡಿಗೆ ಹನ್ನೆರಡು ಕೋಟಿ ಬಾರಿ! ನಾಲ್ಕು ಜನ ಭಟ್ಟರು ಎಷ್ಟೇ ಚತುರರಾದರೂ ಸಾವಿರ ಎಲೆಗೆ ತಾವೇ ಬಡಿಸಲಾರರು. ಅದಕ್ಕೆ ಬಡಿಸುವವರ ಪಡೆ ಬೇರೆ ಬೇಕು. ಗ್ರಾಫಿಕ್ಸ್ ಕಾರ್ಡೆಂಬುದು ಆ ಪಡೆ. ನಾವು ಕೊನೆಗೆ ಕೊಂಡ ಪ್ರೊಸೆಸರಿನಲ್ಲಿರುವುದು ನಾಲ್ಕು ಕೋರುಗಳು, ಕಾರ್ಡಿನಲ್ಲಿರುವುದು 768. ಒಂದೊಂದೂ ಬಲ್ಲದ್ದು ಚಿಕ್ಕ ಕೆಲಸವೇ, ಆದರೆ ಎಲ್ಲ ಒಟ್ಟಿಗೆ ಮಾಡುತ್ತವೆ.

ಆದ್ದರಿಂದ ಅಗ್ಗದ ಆಟದ ಯಂತ್ರದ ಗುಟ್ಟು ಇಷ್ಟೆ. ನಿವೃತ್ತವಾದ ಒಳ್ಳೆಯ ಆಫೀಸು ಯಂತ್ರವೊಂದನ್ನು ಕೊಳ್ಳುವುದು. ಅದಕ್ಕೆ ಕಟ್ಟೆಯನ್ನು ಹಿಗ್ಗಿಸಿ, ಹೊಸ ಉಗ್ರಾಣ ಕೊಟ್ಟು, ಬಡಿಸುವ ಪಡೆಯೊಂದನ್ನು ಕರೆಸುವುದು.

ಗುಜರಿ ಬಜಾರು, ರಿಲೀಫ್ ರೋಡು

ಡಿಸೆಂಬರಿನ ಒಂದು ಶನಿವಾರ ತಂದೆಮಗ ಇಬ್ಬರೂ ಅಹಮದಾಬಾದಿಗೆ ಹೊರಟೆವು. ವಡೋದರೆಯಿಂದ ನೂರು ಕಿಲೋಮೀಟರು. ಎರಡು ಗಂಟೆಯ ರೈಲು. ಕಾಲೂಪುರದ ಸ್ಟೇಷನ್ನಿನಿಂದ ಹೊರಬಿದ್ದರೆ ರಿಲೀಫ್ ರೋಡು ದೂರವಿಲ್ಲ. ಹಳೆಯ ಊರಿನ ಎದೆಯನ್ನು ಸೀಳಿಕೊಂಡು ಹೋಗುವ ಆ ರಸ್ತೆಯಲ್ಲಿ ರೇಡಿಯೋ, ಟಿವಿ, ಮೊಬೈಲು, ಕಂಪ್ಯೂಟರು ಏನುಂಟು ಏನಿಲ್ಲ!

ಇಂಥ ಅಂಗಡಿಗಳಲ್ಲಿ ಎರಡು ಬಗೆಯ ಆಫೀಸು ಯಂತ್ರಗಳಿರುತ್ತವೆ. ಒಂದು ತೆಳ್ಳಗಿನದು; ದಪ್ಪ ಪುಸ್ತಕದ ಹಾಗೆ ಮೇಜಿನ ಮೇಲೆ ಮಲಗುವಂಥದು. ನೋಡಲು ಚೆಂದ, ಬೆಲೆಯೂ ತುಸು ಕಡಮೆ. ಆದರೆ ಅದರ ಹೊಟ್ಟೆಯಲ್ಲಿ ಸಾಮಾನ್ಯ ಅಳತೆಯ ಗ್ರಾಫಿಕ್ಸ್ ಕಾರ್ಡು ಹಿಡಿಸುವುದಿಲ್ಲ. ಕುಳ್ಳ ಜಾತಿಯ ಕಾರ್ಡನ್ನೇ ಹುಡುಕಿಕೊಂಡು ಅಲೆಯಬೇಕು. ಇನ್ನೊಂದು ನೆಟ್ಟಗೆ ನಿಲ್ಲುವ ಟವರು. ಆಟಕ್ಕೆ ಟವರನ್ನೇ ಕೊಳ್ಳತಕ್ಕದ್ದು. ನಾವು ಆರಿಸಿದ್ದು ಡೆಲ್ ಕಂಪೆನಿಯ ಆಪ್ಟಿಪ್ಲೆಕ್ಸ್ 9020 ಟವರು. ಒಳಗೆ ಇಂಟೆಲ್ ಕೋರ್ ಐ5-4590 ಪ್ರೊಸೆಸರು, 8 ಜಿಬಿ ರ್ಯಾಮು, 500 ಜಿಬಿಯ ಹಳೆಯ ಡಿಸ್ಕು. ಎಂಟನೆಯ ಪೀಳಿಗೆಯ ಯಂತ್ರವೂ ಅಲ್ಲಿತ್ತು; ವಿಂಡೋಸ್ 11 ಅದಕ್ಕೆ ಒಗ್ಗುತ್ತದೆ. ಬೆಲೆ ಮಾತ್ರ ಇದರ ಎರಡರಷ್ಟು. ಕೈಯಲ್ಲಿ ಹಣವಿದ್ದವರು ಅದನ್ನೇ ಕೊಳ್ಳುವುದು ಮೇಲು.

ಅಂಗಡಿಯಾತ ಆರು ಸಾವಿರದ ಐನೂರು ಎಂದ. ನನ್ನ ಮುರುಕು ಗುಜರಾತಿಯಲ್ಲಿ “ಛೆಲ್ಲೋ ಭಾವ್?” ಎಂದೆ. ಕೊನೆಯ ಬೆಲೆ ಎಷ್ಟು ಎಂದರ್ಥ. ಐದು ಸಾವಿರದ ಎಂಟು ನೂರಕ್ಕೆ ಇಳಿಯಿತು. ಒಂದು ತಿಂಗಳ ಖಾತರಿಯನ್ನು ರಸೀತಿಯ ಮೇಲೆ ಬರೆಯಿಸಿಕೊಂಡೆ. ಬಾಯಿಮಾತಿನ ಖಾತರಿಗೆ ಅರ್ಥವಿಲ್ಲವೆಂಬುದು ಕಚೇರಿ ನನಗೆ ಕಲಿಸಿದ ಪಾಠ.

ಹಣ ಕೊಡುವ ಮುನ್ನ ಯಂತ್ರವನ್ನು ಅಲ್ಲಿಯೇ ನಡೆಸಿ ನೋಡಬೇಕು. ನಾವು ನೋಡಿದ್ದು ಇವು. ಹೊತ್ತಿಸಿದೊಡನೆ ಬರುವ ಬಯಾಸಿನ ಪುಟದಲ್ಲಿ ಪ್ರೊಸೆಸರು, ರ್ಯಾಮು ಅಂಗಡಿಯವನು ಹೇಳಿದಂತೆಯೇ ಇವೆಯೆ? ಹಳೆಯ ಕಂಪೆನಿಯವರು ಬಯಾಸಿಗೆ ಗುಪ್ತಪದ ಹಾಕಿ ಬಿಟ್ಟಿದ್ದಾರೆಯೆ? ಹಾಗೆ ಬಿಟ್ಟಿದ್ದರೆ ಮುಂದೆ ಪೇಚಾಟ. ಯುಎಸ್‌ಬಿಯ ಎಲ್ಲ ಕಿಂಡಿಗಳೂ ಕೆಲಸ ಮಾಡುತ್ತವೆಯೆ? ಮುಚ್ಚಳ ತೆಗೆದರೆ ಬೋರ್ಡಿನ ಮೇಲಿನ ಚಿಕ್ಕ ಡಬ್ಬಿಗಳಂಥ ಕೆಪಾಸಿಟರುಗಳ ತಲೆ ಉಬ್ಬಿದೆಯೆ? ಕಡೆಗೆ ಡಿಸ್ಕಿನ ಆಯುಸ್ಸು. ಅದು ಎಷ್ಟು ಗಂಟೆ ದುಡಿದಿದೆ ಎಂಬುದನ್ನು ಡಿಸ್ಕು ತಾನೇ ಲೆಕ್ಕವಿಟ್ಟಿರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಧನದಿಂದ ಅದನ್ನು ಓದಬಹುದು. ನಮ್ಮದು 21,000 ಗಂಟೆ ತೋರಿಸಿತು. ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ಹಿಡಿದರೆ ಎಂಟೂಮುಕ್ಕಾಲು ವರ್ಷದ ಚಾಕರಿ! ಅಂಥ ಡಿಸ್ಕನ್ನು ನಂಬಿ ಮಗನ ಶಾಲೆಯ ಕೆಲಸವನ್ನು ಇಡಲಾಗದು ಎಂದು ಅಲ್ಲಿಯೇ ತೀರ್ಮಾನಿಸಿದೆ.

ಆ ರಾತ್ರಿ ಮಣಿನಗರದಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಉಳಿದು ಭಾನುವಾರ ಬೆಳಗ್ಗೆ ಸಾಬರಮತಿಯ ದಂಡೆಯ ಗುಜರಿ ಬಜಾರಿಗೆ ಹೋದೆವು. 1892ರ ಎಲಿಸ್ ಸೇತುವೆಯ ಬಳಿ ವಾರಕ್ಕೊಮ್ಮೆ ನೆರೆಯುವ ಸಂತೆಯಿದು. 1411ರಲ್ಲಿ ಊರು ಕಟ್ಟಿದ ಅಹಮದ್ ಷಾನ ಕಾಲದಿಂದಲೂ ನಡೆದುಬಂದಿದೆಯೆಂದು ಹೇಳುತ್ತಾರೆ. ನಮ್ಮ ಊರಿನಲ್ಲಿ ಹಳೆಯ ಸಾಮಾನಿಗೆ “ಗುಜರಿ” ಎನ್ನುತ್ತೇವಲ್ಲ, ಅದೇ ಪದ ಇಲ್ಲಿ ಇಡೀ ಸಂತೆಯ ಹೆಸರಾಗಿರುವುದನ್ನು ಕಂಡು ನನಗೆ ಬಂಧುವನ್ನು ಕಂಡಷ್ಟು ಸಂತೋಷವಾಯಿತು. ಮಗನಿಗೆ ಹೇಳಿದೆ. “ನಮ್ಮ ಭಾಷೆಯಲ್ಲೂ ಗುಜರಿನೇನಾ?” ಎಂದು ಬೆರಗಾದ. ಮಂಚ, ಪಾತ್ರೆ, ಪುಸ್ತಕ, ಕೋಳಿ, ಕೀಲಿಕೈ ಎಲ್ಲವೂ ನೆಲದ ಮೇಲೆ ಹರಡಿದ್ದವು. ನಾವು ಕೊಂಡದ್ದು ಒಂದು ಕೀಬೋರ್ಡು, ಒಂದು ಮೌಸು, ಸ್ಕ್ರೂಡ್ರೈವರುಗಳ ಒಂದು ಕಟ್ಟು. ಅಲ್ಲಿ ಇಷ್ಟೇ ಕೊಳ್ಳಬೇಕು. ವಿದ್ಯುತ್ತು ಹರಿಯುವ ವಸ್ತುವನ್ನು, ಅದರಲ್ಲಿಯೂ ಎಸ್‌ಎಂಪಿಎಸ್ ಎಂಬ ಪವರ್ ಡಬ್ಬಿಯನ್ನು, ಪರೀಕ್ಷೆ ಮಾಡಲಾಗದ ಕಡೆ ಕೊಳ್ಳಲೇಬಾರದು. ಅದೊಂದು ಕೆಟ್ಟರೆ ತನ್ನೊಡನೆ ಉಳಿದವನ್ನೂ ಕೊಂಡೊಯ್ಯಬಲ್ಲದು.

ಮನೆಗೆ ಬಂದು ಟವರನ್ನು ಬಿಚ್ಚಿದೆವು. ಒಳಗೆ ಬೆರಳುದಪ್ಪ ಧೂಳು, ಎರಡು ಸ್ಟೇಪ್ಲರ್ ಪಿನ್ನು, ಬದಿಯಲ್ಲಿ ಯಾವುದೋ ಆಫೀಸಿನ ಆಸ್ತಿಸಂಖ್ಯೆಯ ಚೀಟಿ. ನನ್ನಂಥವನೊಬ್ಬ ವರ್ಷಗಟ್ಟಲೆ ಇದರ ಮುಂದೆ ಕುಳಿತು ದುಡಿದಿರಬೇಕು. ಬಣ್ಣದ ಕುಂಚದಿಂದ ಧೂಳು ತೆಗೆದೆವು. ಪ್ರೊಸೆಸರಿನ ಮೇಲೆ ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ, ಬಟಾಣಿಯಷ್ಟು ಹೊಸದನ್ನು ಇಟ್ಟೆವು. ಸಯಾಜಿಗಂಜಿನ ಅಂಗಡಿಯಿಂದ 240 ಜಿಬಿಯ ಹೊಸ ಎಸ್‌ಎಸ್‌ಡಿಯನ್ನು ಬಿಲ್ಲಿನೊಡನೆ ತಂದೆವು. ಎಲ್ಲವೂ ಹಳೆಯದಾದರೂ ಉಗ್ರಾಣ ಮಾತ್ರ ಹೊಸದಿರಲಿ. 4 ಜಿಬಿಯ ಎರಡು ಹಳೆಯ ರ್ಯಾಮು ಸೇರಿಸಿ ಒಟ್ಟು 16 ಮಾಡಿದೆವು. ರ್ಯಾಮನ್ನು ಜೋಡಿಯಾಗಿ ಹಾಕಿದರೆ ಎರಡು ಬಾಗಿಲಿನಿಂದ ಸಾಮಾನು ಸಾಗಿಸಿದಂತೆ ಕೆಲಸ ಬೇಗ ನಡೆಯುತ್ತದೆ.

ನಾನು ಮೋಸ ಹೋದ ಬಗೆ

ಉಳಿದದ್ದು ಗ್ರಾಫಿಕ್ಸ್ ಕಾರ್ಡು. ಇಲ್ಲಿ ನನ್ನ ಜಾಣತನ ಕೈಕೊಟ್ಟಿತು.

ನಮಗೆ ಬೇಕಾಗಿದ್ದದ್ದು ಎನ್‌ವಿಡಿಯಾ ಕಂಪೆನಿಯ ಜಿಟಿಎಕ್ಸ್ 1050 ಟಿಐ. 2016ರ ಅಕ್ಟೋಬರಿನಲ್ಲಿ ಬಂದದ್ದು. 4 ಜಿಬಿ ಸ್ವಂತ ಸ್ಮರಣೆಯುಳ್ಳದ್ದು. ಆಫೀಸು ಯಂತ್ರಕ್ಕೆ ಇದು ಹೇಳಿ ಮಾಡಿಸಿದಂತಿದೆ. ಇದು ಬಳಸುವುದು 75 ವಾಟು. ಬೋರ್ಡಿನ ಕಿಂಡಿಯೇ ಅಷ್ಟನ್ನು ಕೊಡಬಲ್ಲದು. ಸಾಮಾನ್ಯವಾಗಿ ಪ್ರತ್ಯೇಕ ತಂತಿ ಬೇಡ. ನಮ್ಮ ಟವರಿನ ಪವರ್ ಡಬ್ಬಿ 290 ವಾಟಿನದು. ಪ್ರೊಸೆಸರಿಗೆ 84, ಕಾರ್ಡಿಗೆ 75, ಉಳಿದ ಚಿಲ್ಲರೆಯನ್ನೆಲ್ಲ ಸೇರಿಸಿದರೂ ಇನ್ನೂರರ ಒಳಗೆ. ಇದಕ್ಕಿಂತ ಬಲಶಾಲಿಯಾದ ಆರ್‌ಎಕ್ಸ್ 580 ಕೂಡ ಹಳೆಯದು ಅಗ್ಗವಾಗಿ ಸಿಗುತ್ತದೆ. ಆದರೆ ಅದಕ್ಕೆ 185 ವಾಟು ಬೇಕು, ಬೇರೆ ತಂತಿ ಬೇಕು. ಈ ಡೆಲ್ ಬೋರ್ಡಿನ ಪವರ್ ಕೊಂಡಿಯೂ ಬೇರೆ ಜಾತಿಯದು. ಪೇಟೆಯ ಸಾಮಾನ್ಯ ಎಸ್‌ಎಂಪಿಎಸ್ ತಂದರೆ ನೇರವಾಗಿ ಹೊಂದುವುದಿಲ್ಲ. ಅಲ್ಲದೆ ಅಂಥ ಕಾರ್ಡುಗಳಲ್ಲಿ ಎಷ್ಟೋ ಕ್ರಿಪ್ಟೋ ನಾಣ್ಯ ಗಳಿಸಲು ಹಗಲೂರಾತ್ರಿ ದುಡಿದು ಬಂದವು. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ತನ್ನ ಪದ್ಧತಿಯನ್ನು ಬದಲಿಸಿದಾಗ ಅವು ಕೆಲಸವಿಲ್ಲದೆ ಪೇಟೆಗೆ ಬಂದುಬಿದ್ದವು.

ಹಳೆಯ 1050 ಟಿಐಗೆ ನಾಲ್ಕೂವರೆ ಸಾವಿರದ ಸುಮಾರು ನಡೆಯುತ್ತಿತ್ತು. ಮೊಬೈಲಿನ ಜಾಹೀರಾತೊಂದರಲ್ಲಿ 2,800 ಎಂದು ಕಂಡೆ. ಮಾರುವವನು ನಮ್ಮ ಊರಿನಲ್ಲಿಯೇ ಇದ್ದ. ಮಗನಿಗೆ ತಿಳಿಸದೆ, ಹುಟ್ಟುಹಬ್ಬಕ್ಕೆ ಚಕಿತಗೊಳಿಸೋಣವೆಂದು, ಕಚೇರಿ ಬಿಟ್ಟ ಮೇಲೆ ಒಂದು ಚೌಕದಲ್ಲಿ ಭೇಟಿಯಾಗಿ ನಗದು ಕೊಟ್ಟು ತಂದೆ. ರಸೀತಿಯಿಲ್ಲ, ಪರೀಕ್ಷೆಯಿಲ್ಲ. ಅಗ್ಗವೆಂದು ಮುಗ್ಗಲು ಜೋಳ ಕೊಳ್ಳುವವನ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದವನೇ ನಾನು!

ಮಗ ಕಾರ್ಡನ್ನು ತಿರುಗಿಸಿ ನೋಡಿದ. ಮುಖ ಅರಳಲಿಲ್ಲ. “ಪಪ್ಪಾ, ಇದರಲ್ಲಿ ಈ ನೀಲಿ ಪೋರ್ಟ್ ಯಾಕಿದೆ?” ಎಂದ.

“ಇದ್ದರೆ ಒಳ್ಳೆಯದೇ ಅಲ್ಲವೇನೋ? ಹಳೆಯ ಮಾನಿಟರಿಗೂ ಆಗುತ್ತದೆ.”

“ಆದರೆ 1050 ಟಿಐಗೆ ಇದು ಇರಲ್ಲ, ಪಪ್ಪಾ.”

“ನಿನಗೇನು ಗೊತ್ತು? ಸುಮ್ಮನೆ ಕೂಡು” ಎಂದು ಗದರಿದೆ. ಅವನು ಎದ್ದು ಒಳಗೆ ಹೋದ.

ಕಾರ್ಡನ್ನು ಹಾಕಿದೆವು. ಕಂಪ್ಯೂಟರು “1050 ಟಿಐ” ಎಂದೇ ತೋರಿಸಿತು. ನಾನು ಮೀಸೆ ತಿರುವಿದೆ. ಆಟ ತೆರೆದೊಡನೆ ಪರದೆ ಕಪ್ಪಾಯಿತು. ಮತ್ತೆ ತೆರೆದರೂ ಅದೇ ಕಥೆ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಜಿಪಿಯು-ಜಡ್ ಎಂಬ ಉಚಿತ ಸಾಧನವನ್ನು ಹಾಕಿ ನೋಡಿದೆ. ಹೆಸರಿನ ಮುಂದೆಯೇ “ಖೋಟಾ” ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿತು. ಒಳಗಿದ್ದದ್ದು 2010ರ ಜಿಟಿಎಸ್ 450 ಎಂಬ ಚಿಪ್ಪು. ಅದರ ಬಯಾಸನ್ನು ತಿದ್ದಿ ಹೊಸ ಹೆಸರು ಹೇಳುವಂತೆ ಮಾಡಿದ್ದರು. ಮಗ ಹೇಳಿದ ನೀಲಿ ಕಿಂಡಿಯ ಮಾತು ಅಕ್ಷರಶಃ ನಿಜ. ಎನ್‌ವಿಡಿಯಾದ 10ರ ಸಾಲಿನ ಚಿಪ್ಪುಗಳಲ್ಲಿ ಹಳೆಯ ವಿಜಿಎ ಸೌಕರ್ಯವೇ ಇಲ್ಲ. ನೀಲಿ ಬಣ್ಣದ, ಹದಿನೈದು ತೂತಿನ ವಿಜಿಎ ಕಿಂಡಿಯುಳ್ಳ 1050 ಟಿಐ ಎಂದರೆ ನೋಡಿದೊಡನೆ ಖೋಟಾ ಎಂದು ತಿಳಿಯಬೇಕು. ವಾಚಕರು ಈ ಒಂದು ಮಾತನ್ನಾದರೂ ನೆನಪಿಡಲಿ. ಮಾರಿದವನ ಫೋನು ಮರುದಿನದಿಂದ ಮೂಕವಾಯಿತು.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೋದದ್ದು ನನ್ನ ಬೋನಸ್ಸೆಂದು ಸಮಾಧಾನ ಮಾಡಿಕೊಳ್ಳಲೂ ಆಗದು. ಅದು ಟವರಿಗೆ ಮುಗಿದಿತ್ತು. ಇದು ನನ್ನಾಕೆ ಸಂಜೆ ಸಂಜೆ ಗಂಟಲು ಹರಿದುಕೊಂಡು ಪಾಠ ಹೇಳಿ ಗಳಿಸಿದ ಹಣ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಎಷ್ಟೋ ತಿಂಗಳ ಮೇಲೆ ಮಗ ನನ್ನ ಪಕ್ಕದಲ್ಲಿ ಕುಳಿತು ಕೆಲಸ ಮಾಡತೊಡಗಿದ್ದ. ಒಂದು ಗದರಿಕೆಗೆ ಮತ್ತೆ ಮೊಬೈಲಿನ ಮೂಲೆ ಸೇರಿದ್ದ.

ಮೂರನೆಯ ದಿನ ಊಟದ ಹೊತ್ತಿಗೆ ಇಬ್ಬರಿಗೂ ಹೇಳಿಬಿಟ್ಟೆ. “ನೀನು ಹೇಳಿದ್ದು ಸರಿ, ಮರಿ. ನಾನು ಕೇಳಬೇಕಿತ್ತು” ಎಂದೆ. ನನ್ನಾಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಳಿಕ “ಹೋದ ದುಡ್ಡು ಹೋಯ್ತು. ಇನ್ನು ಮುಂದೆ ಇವನನ್ನ ಕೇಳದೆ ಎಂತದೂ ತಗೊಳ್ಬೇಡಿ” ಎಂದಳು. ಮಗ ತಟ್ಟೆಯಿಂದ ತಲೆ ಎತ್ತಿ ನಕ್ಕ. ಊಟವಾದ ಮೇಲೆ ತಾನೇ ಸ್ಕ್ರೂಡ್ರೈವರು ತಂದು ಆ ಕಾರ್ಡನ್ನು ಬಿಚ್ಚಿಟ್ಟ.

ಸೂರತ್ತಿನ ಭಾವ

ಗುಜರಾತಿಯಲ್ಲಿ ಭಾವ್ ಎಂದರೆ ಬೆಲೆ. ನಮಗೆ ಭಾವನೆಂದರೆ ಅಕ್ಕನ ಗಂಡ. ನನಗೆ ಸೂರತ್ತಿನಲ್ಲಿ ಎರಡೂ ಒಟ್ಟಿಗೆ ದೊರೆತವು. ನನ್ನ ಭಾವ ಅಲ್ಲಿ ಬಟ್ಟೆಯ ಕಾರಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಜನವರಿಯ ಉತ್ತರಾಯಣಕ್ಕೆ ಅಕ್ಕ ಕರೆದಿದ್ದಳು. ವಡೋದರೆಯಿಂದ ನೂರ ಮೂವತ್ತು ಕಿಲೋಮೀಟರು. ಗಾಳಿಪಟದ ಹಬ್ಬದಲ್ಲಿ ಮಾಳಿಗೆಯ ಮೇಲೆ ನಿಂತು ಊಂಧಿಯು ತಿನ್ನುತ್ತ ನನ್ನ ಕಥೆ ಹೇಳಿದೆ. ಭಾವ ನಕ್ಕು, “ವಜ್ರದೂರಿಗೆ ಬಂದು ಖೋಟಾ ಮಾತಾಡ್ತೀಯಲ್ಲೋ. ಇಲ್ಲಿಯವರು ಹರಳನ್ನ ಭೂತಗನ್ನಡಿ ಇಲ್ಲದೆ ಕೊಳ್ಳೋದಿಲ್ಲ” ಎಂದರು.

ಅವರ ಪರಿಚಯದವರೊಬ್ಬರು ಒಡವೆಗಳ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುವ ಕೆಲಸದವರು. ಉಂಗುರ, ಪದಕಗಳನ್ನು ಪರದೆಯ ಮೇಲೆ ಎಲ್ಲ ಮಗ್ಗುಲಿನಿಂದ ತಿರುಗಿಸಿ ನೋಡಬೇಕಾದ್ದರಿಂದ ಅವರಿಗೂ ಇಂಥ ಕಾರ್ಡುಗಳು ಬೇಕು. ಹೊಸ ಯಂತ್ರ ಬಂದು ಹಳೆಯ 1050 ಟಿಐ ಒಂದು ಅಲ್ಲಿ ಖಾಲಿ ಕುಳಿತಿತ್ತು. ಹಬ್ಬ ಕಳೆದ ಮೇಲೆ ಮೂವರೂ ಹೋದೆವು. ಈ ಸಲ ಪರೀಕ್ಷಾಧಿಕಾರಿ ನನ್ನ ಮಗ. ಕಿಂಡಿಗಳನ್ನು ನೋಡಿದ, ಫ್ಯಾನನ್ನು ಬೆರಳಿನಿಂದ ತಿರುಗಿಸಿದ, ಅವರ ಯಂತ್ರದಲ್ಲಿಯೇ ಹಾಕಿಸಿ ಜಿಪಿಯು-ಜಡ್ ತೆರೆದು 768 ಎಂಬ ಅಂಕಿಯನ್ನು ಬೆರಳಿಟ್ಟು ಓದಿದ, ಅರ್ಧ ಗಂಟೆ ಭಾರದ ಕೆಲಸ ಕೊಟ್ಟು ಕಾವು ಎಷ್ಟು ಏರುತ್ತದೆಂದು ಕಾದು ಕುಳಿತ. ಫ್ಯಾನಿನ ಹಿಂದೆ ನೂಲಿನ ಜೂಲು ಹತ್ತಿಯಂತೆ ಗಿಡಿದಿತ್ತು. ಅದನ್ನು ತೆಗೆದ ಮೇಲೆ ಕಾವು ಎಪ್ಪತ್ತು ಡಿಗ್ರಿಯ ಒಳಗೆ ನಿಂತಿತು. ಐದು ಸಾವಿರ ಎಂದವರನ್ನು ಭಾವ ನಾಲ್ಕೂವರೆಗೆ ಇಳಿಸಿದರು. ಅಕ್ಕ ಕೊಟ್ಟ ಹಲಸಿನ ಹಪ್ಪಳದ ಡಬ್ಬಿಯ ಪಕ್ಕದಲ್ಲಿ ಕಾರ್ಡು ರೈಲಿನಲ್ಲಿ ಬಂತು. ಎರಡೂ ಮುರಿಯದೆ ಮನೆ ಸೇರಿದವು.

ಮನೆಗೆ ಬಂದ ರಾತ್ರಿಯೇ ಜೋಡಿಸಿದೆವು. ಗುಂಡಿ ಒತ್ತಿದರೆ ಫ್ಯಾನು ತಿರುಗಿತು. ಪರದೆ ಮಾತ್ರ ಕತ್ತಲೆ. ನನ್ನ ಎದೆ ಝಲ್ಲೆಂದಿತು. ರ್ಯಾಮು ತೆಗೆದು ಹಾಕಿದೆವು. ಕಾರ್ಡು ತೆಗೆದು ಹಾಕಿದೆವು. ಮುಕ್ಕಾಲು ಗಂಟೆ ಹೀಗೆ ಕಳೆಯಿತು. ಪಾತ್ರೆ ತೊಳೆದು ಬಂದ ನನ್ನಾಕೆ ಸೆರಗಿಗೆ ಕೈ ಒರೆಸುತ್ತ, “ಹೊಸ ಪೆಟ್ಟಿಗೆ ಕೆಳಗಿದೆ, ತಂತಿ ಮೇಲಿನ ಕಿಂಡಿಯಲ್ಲಿದೆ. ಹೀಗಿದ್ರೆ ಆಗ್ತದಾ?” ಎಂದಳು. ಮಾನಿಟರಿನ ತಂತಿ ಇನ್ನೂ ಹಳೆಯ ಬೋರ್ಡಿನ ಕಿಂಡಿಯಲ್ಲಿಯೇ ಇತ್ತು! ಕಾರ್ಡು ಬಂದೊಡನೆ ಆ ಕಿಂಡಿ ತಾನಾಗಿ ಮುಚ್ಚಿಕೊಳ್ಳುತ್ತದೆ. ತಂತಿಯನ್ನು ಕೆಳಗೆ ಬದಲಿಸಿದೆವು. ಬೆಳಕು ಬಂತು.

ಖರ್ಚಿನ ಪಟ್ಟಿ

ಗುಮಾಸ್ತನ ಲೇಖನಕ್ಕೆ ಲೆಕ್ಕವಿಲ್ಲದಿದ್ದರೆ ಶೋಭೆಯಿಲ್ಲ. ಟವರು 5,800, ಹಳೆಯ ರ್ಯಾಮು ಎರಡು 700, ಹೊಸ ಎಸ್‌ಎಸ್‌ಡಿ 2,400, ಗ್ರಾಫಿಕ್ಸ್ ಕಾರ್ಡು 4,500, ಇಪ್ಪತ್ತೆರಡು ಇಂಚಿನ ಹಳೆಯ ಮಾನಿಟರು 3,000, ಕೀಬೋರ್ಡು, ಮೌಸು 450, ಪೇಸ್ಟು, ಸ್ಕ್ರೂಡ್ರೈವರು 350. ಒಟ್ಟು 17,200 ರೂಪಾಯಿ. ರೈಲಿನ ಖರ್ಚು 600. ಖೋಟಾ ಕಾರ್ಡಿನ ದಂಡ 2,800. ಎಲ್ಲ ಸೇರಿ 20,600. ಮಿತಿಮೀರಿದ ಆರು ನೂರನ್ನು ನನ್ನ ಚಹಾದ ಖರ್ಚಿನಲ್ಲಿ ಮುರಿದುಕೊಳ್ಳಬೇಕೆಂದು ಗೃಹಮಂತ್ರಿಗಳ ಆಜ್ಞೆಯಾಗಿದೆ.

ವ್ಯವಸ್ಥೆಯ ವಿಷಯದಲ್ಲಿ ಒಂದು ಮಾತು. ವಿಂಡೋಸ್ 10ರ ಬೆಂಬಲ ನಿಂತಿರುವುದರಿಂದ ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ನಂಬಿ ಕೂಡುವುದು ಕ್ಷೇಮವಲ್ಲ. ನಾವು ಹೊಸ ಎಸ್‌ಎಸ್‌ಡಿಯ ಮೇಲೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿದೆವು. ಸ್ವಿಚ್ಚು ಒತ್ತಿ ಒಂದು ಲೋಟ ನೀರು ಕುಡಿಯುವುದರೊಳಗೆ ಯಂತ್ರ ಸಿದ್ಧ. ಇದರಲ್ಲಿ ಎಲ್ಲ ಆಟಗಳೂ ನಡೆಯುವುದಿಲ್ಲ. ವ್ಯಾಲರಂಟ್ ನಡೆಯದು, ಮಗನಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿದ್ದೆ. ಮೈನ್‌ಕ್ರಾಫ್ಟ್ ಚೆನ್ನಾಗಿ ನಡೆಯುತ್ತದೆ. ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಲಾರಿ ಹೊಡೆಯುವ ಆಟವೂ ಸರಾಗ. 2012ರಲ್ಲಿ ಬಂದ ಆಟವಾದರೂ ಈಗಲೂ ಹೊಸದಾಗಿಯೇ ಕಾಣುತ್ತದೆ. ಈಚೆಗಿನ ದೊಡ್ಡ ಆಟಗಳಿಗೆ ಈ ಯಂತ್ರ ಸಾಲದು. ಕದ್ದ ಆಟಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕುವವರಿದ್ದಾರೆ. ಅದರೊಡನೆ ವೈರಸ್ಸೂ ಬರುತ್ತದೆ. ಹಬ್ಬದ ರಿಯಾಯಿತಿಯಲ್ಲಿ ಹಳೆಯ ಒಳ್ಳೆಯ ಆಟಗಳು ಹೋಟೆಲಿನ ಒಂದು ಊಟದ ಬೆಲೆಗೆ ದೊರೆಯುವಾಗ ಆ ತೊಂದರೆ ಏಕೆ?

ತಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಮಾರುವವರಿಗೂ ಒಂದು ಸೂಚನೆ. ಡಿಸ್ಕನ್ನು ಪೂರ್ತಿ ಅಳಿಸಿ ಕೊಡಿರಿ. ಇಲ್ಲವೇ ತೆಗೆದಿಟ್ಟುಕೊಂಡು ಉಳಿದದ್ದನ್ನು ಕೊಡಿರಿ. ನಾವು ತಂದ ಡಿಸ್ಕಿನಲ್ಲಿ ಯಾರದೋ ಮಗಳ ಅಂಕಪಟ್ಟಿ ಇತ್ತು. ಓದದೆ ಅಳಿಸಿದೆವು. ಎಲ್ಲರೂ ಹಾಗೆಯೇ ಮಾಡುವರೆಂದು ಹೇಳಲಾಗದು.

ಇನ್ನೊಂದು ಲಾಭವನ್ನು ಖರ್ಚಿನ ಪಟ್ಟಿಯಲ್ಲಿ ಕಾಣಿಸಲು ನನಗೆ ದಾರಿ ತಿಳಿಯಲಿಲ್ಲ. ಕೆಲಸ ಮಾಡುವಾಗ ಇಬ್ಬರ ಕೈಗಳೂ ತುಂಬಿರುತ್ತವೆ, ಬಾಯಿ ಮಾತಾಡಲೇಬೇಕು. “ಬಿಗಿ ಮಾಡು, ಸ್ವಲ್ಪ ಸಡಿಲಿಸು, ಓರೆಯಾಯಿತು, ನೇರ ಹಿಡಿ, ಮೆಲ್ಲಗೆ ಒತ್ತು, ಕಚ್ಚಿಕೊಂಡಿತೇ?” ಈ ಮಾತುಗಳಲ್ಲಿ ಒಂದನ್ನೂ ಅವನು ನಮ್ಮ ಊಟದ ಹೊತ್ತಿನ ಕನ್ನಡದಲ್ಲಿ ಕೇಳಿರಲಿಲ್ಲ. ಮೊದಮೊದಲು “ಸಡಿಲ್ ಅಂದ್ರೆ?” ಎಂದು ಕೇಳುತ್ತಿದ್ದ. ಮೂರನೆಯ ವಾರಕ್ಕೆ ಅವನೇ ನನಗೆ, “ಪಪ್ಪಾ, ಓರೆ ಆಗಿದೆ, ಮೆಲ್ಲಗೆ!” ಎಂದು ಹೇಳತೊಡಗಿದ. ಎಂಬತ್ತೈದು ಸಾವಿರದ ಯಂತ್ರ ಪೆಟ್ಟಿಗೆಯೊಳಗೆ ಸಿದ್ಧವಾಗಿ ಬಂದಿದ್ದರೆ ಈ ಮಾತುಗಳಿಗೆ ಎಡೆಯೆಲ್ಲಿತ್ತು?

ಸಂಘದ ಸದಸ್ಯರಲ್ಲಿ ಯಾರಾದರೂ ಇಂಥ ಸಾಹಸಕ್ಕೆ ಕೈಹಾಕುವುದಾದರೆ ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬರಬಹುದು. ಸ್ಕ್ರೂಡ್ರೈವರು ಸಿದ್ಧವಿದೆ, ಪರೀಕ್ಷಾಧಿಕಾರಿಯೂ ಇದ್ದಾನೆ. ಬಂದವರಿಗೆ ಆ ಖೋಟಾ ಕಾರ್ಡನ್ನೂ ತೋರಿಸುತ್ತೇವೆ. ಅದನ್ನು ಎಸೆಯಗೊಡದೆ ಮಗ ಕಪಾಟಿನ ಮೇಲೆ ನಿಲ್ಲಿಸಿದ್ದಾನೆ. ಕೆಳಗೆ ಒಂದು ಚೀಟಿ ಅಂಟಿಸಿ, ತಾಯಿ ಕಲಿಸಿದ ಅಕ್ಷರಗಳಲ್ಲಿ ತಾನೇ ಬರೆದಿದ್ದಾನೆ: “ಪಪ್ಪ ತಂದ ಕೋಟಾ ಕಾರ್ಡು.” ಒತ್ತಕ್ಷರ ತಪ್ಪಿದೆ. ಅದನ್ನು ಓದಿದ ನನ್ನಾಕೆ, “ನಮ್ಮ ಕೋಟದಿಂದ ಬಂದದ್ದು ಯಾವುದೂ ಖೋಟಾ ಅಲ್ಲ” ಎಂದು ಒಂದು ದಿನ ಮುನಿಸಿಕೊಂಡಿದ್ದಳು. ಚೀಟಿಯನ್ನು ತಿದ್ದಲು ಮಾತ್ರ ಅವಳೂ ಒಪ್ಪಲಿಲ್ಲ. ಅವನು ಯಾರೂ ಹೇಳದೆ ಬರೆದ ಮೊದಲನೆಯ ಕನ್ನಡ ವಾಕ್ಯ ಅದು.